ಮೈಕ್ ಇದೆ ಅನ್ನೋದೇ ಮರೆತುಹೋದಾಗ: ಬೆಂಗಳೂರಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಸಾಕ್ಷ್ಯಚಿತ್ರ, ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಫುಟ್‌ಬಾಲ್‌ನ ಮೇಲಿನ ಹಂತವಾದ ಸೂಪರ್ ಡಿವಿಷನ್ ಲೀಗಿನಲ್ಲಿ ಆಡುವ ಒಂದು ಕ್ಲಬ್ಬಿನ ಜೊತೆ ಚಿಕ್ಕದೊಂದು ಚಿತ್ರತಂಡ ಇಡೀ ಸೀಸನ್ ಓಡಾಡಿತು. ತೆರೆಮರೆಯ ಸಾಕ್ಷ್ಯಚಿತ್ರ ಮಾಡುವುದು ಅವರ ಉದ್ದೇಶ. ಅದರ ಎಡಿಟಿಂಗ್‌ನಲ್ಲಿ ನಾನು ಮೊದಲಿಂದ ಕೊನೆಯವರೆಗೂ ಇದ್ದೆ. ಇಂಥ ಚಿತ್ರ ಮಾಡಬೇಕು ಅಂತ ಹೊರಟವರು ಈಗ ಊರಲ್ಲಿ ಸುಮಾರು ಜನ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಅಂತ ನಡೆದದ್ದನ್ನು ಬರೆಯುತ್ತಿದ್ದೇನೆ. ಕ್ಲಬ್ಬಿನ ಹೆಸರು, ಸೀಸನ್ನು, ಆಟಗಾರರ ಹೆಸರು ಯಾವುದನ್ನೂ ಹೇಳುವುದಿಲ್ಲ. ಗುರುತು ಹತ್ತಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಹಿನ್ನೆಲೆ

ಬೆಂಗಳೂರಿನ ಫುಟ್‌ಬಾಲ್ ಅಂದರೆ ಈಗ ಬಹಳ ಜನಕ್ಕೆ ನೆನಪಾಗುವುದು 2013ರಲ್ಲಿ ಶುರುವಾದ ಬೆಂಗಳೂರು ಎಫ್‌ಸಿ, ಕಂಠೀರವ ಕ್ರೀಡಾಂಗಣ, ನೀಲಿ ಅಂಗಿ ಹಾಕಿ ಕೂಗುವ ಅಭಿಮಾನಿಗಳು. ಆದರೆ ಆಟ ಅದಕ್ಕಿಂತ ಎಷ್ಟೋ ಹಳೆಯದು. 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಅನ್ನೋ ಹಳೆಯ ಪಂದ್ಯಾವಳಿ ಗೆದ್ದು ಬಂದಿತ್ತು. ನಮ್ಮ ರಾಜ್ಯ ಮೈಸೂರು ಅನ್ನೋ ಹೆಸರಲ್ಲಿ 1968-69ರಲ್ಲಿ ರಾಜ್ಯ ತಂಡಗಳ ರಾಷ್ಟ್ರೀಯ ಪಂದ್ಯಾವಳಿ ಸಂತೋಷ್ ಟ್ರೋಫಿ ಗೆದ್ದ ಮೇಲೆ ಮತ್ತೆ ಅದು ಕರ್ನಾಟಕಕ್ಕೆ ಬಂದದ್ದು 2023ರಲ್ಲಿ, ಅದೂ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು ಸೋಲಿಸಿ. ಆಸ್ಟಿನ್ ಟೌನ್, ಮರ್ಫಿ ಟೌನ್, ಪೆಲೆ ಪ್ರತಿಮೆ ನಿಲ್ಲಿಸಿಕೊಂಡಿರುವ ಗೌತಮಪುರ, ಈ ಕಡೆಯ ಬೀದಿಗಳಲ್ಲಿ ಇವತ್ತಿಗೂ ಕ್ರಿಕೆಟ್ಟಿಗಿಂತ ಫುಟ್‌ಬಾಲ್ ಮಾತೇ ಜಾಸ್ತಿ.

ನಮ್ಮ ಕ್ಲಬ್ ಇಂಥದೇ ಒಂದು ಏರಿಯಾದ್ದು. ಆಟಗಾರರಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಗರು ಬೇರೆ ಕೆಲಸ ಮಾಡಿಕೊಂಡೇ ಆಡುವವರು. ಒಬ್ಬ ಊಟ ಡೆಲಿವರಿ ಮಾಡುತ್ತಾನೆ, ಒಬ್ಬ ಶಾಲೆಯಲ್ಲಿ ಪಿಟಿ ಮೇಷ್ಟ್ರು. ಪಂದ್ಯ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ, ಸಾಮಾನ್ಯವಾಗಿ ವಾರದ ನಡುವೆ, ಮಧ್ಯಾಹ್ನ. ರಜೆ ಸಿಗದೆ ಆಟಗಾರನೇ ಬರದ ದಿನಗಳೂ ಉಂಟು.

ಕ್ಲಬ್ ಕ್ಯಾಮೆರಾವನ್ನು ಒಳಗೆ ಬಿಟ್ಟುಕೊಂಡದ್ದು ಯಾಕೆ ಅನ್ನೋದು ಇಲ್ಲಿ ಮುಖ್ಯ. ಮೊದಲ ಮೀಟಿಂಗ್‌ನಲ್ಲಿ ಎಲ್ಲರ ಬಾಯಲ್ಲೂ ರೆಕ್ಸ್‌ಹ್ಯಾಮ್ ಹೆಸರು. 2021ರ ಫೆಬ್ರವರಿಯಲ್ಲಿ ರಯಾನ್ ರೆನಾಲ್ಡ್ಸ್ ಮತ್ತು ರಾಬ್ ಮ್ಯಾಕೆಲ್ಹೆನಿ ಅನ್ನೋ ಇಬ್ಬರು ನಟರು ಐದನೇ ಹಂತದ ಲೀಗಿನಲ್ಲಿದ್ದ ಆ ವೇಲ್ಸ್ ಕ್ಲಬ್ಬನ್ನು ಕೊಂಡುಕೊಂಡರು, ಮುಂದಿನ ವರ್ಷ ಕ್ಲಬ್ಬಿನ ಬಗ್ಗೆ ಸಾಕ್ಷ್ಯಚಿತ್ರ ಸರಣಿ ಬಂತು, 2023, 2024, 2025 ಹೀಗೆ ಸತತ ಮೂರು ವರ್ಷ ಕ್ಲಬ್ ಮೇಲಿನ ಹಂತಕ್ಕೆ ಹೋಯಿತು. ನಮಗೂ ಸ್ಪಾನ್ಸರ್ ಸಿಗಬಹುದು ಅಂತ ಕ್ಲಬ್ಬಿನ ಸೆಕ್ರೆಟರಿಯವರ ಆಸೆ. ತಪ್ಪಲ್ಲ. ಆದರೆ ಅಲ್ಲಿ ದುಡ್ಡು ಹಾಕಿದವರೇ ಚಿತ್ರದ ನಿರ್ಮಾಪಕರೂ ಹೌದು, ಚಿತ್ರದ ಮುಖವೂ ಹೌದು. ಇಲ್ಲಿ ದುಡ್ಡು ಹಾಕುವವರು ಬೇರೆ, ಆಡುವವರು ಬೇರೆ, ಚಿತ್ರ ಮಾಡುವವರು ಇನ್ನೂ ಬೇರೆ. ಮೂರೂ ಜನಕ್ಕೆ ಬೇಕಾದದ್ದು ಒಂದೇ ಅಲ್ಲ. ನಿರ್ದೇಶಕಿ ಇದನ್ನು ಆ ಮೀಟಿಂಗ್‌ನಲ್ಲೇ ನೇರವಾಗಿ ಹೇಳಿದರು. ಮುಂದೆ ಆದ ಜಗಳಗಳಲ್ಲಿ ಅದು ಎಷ್ಟು ಸಲ ನೆರವಿಗೆ ಬಂತು ಅಂದರೆ ಲೆಕ್ಕವಿಲ್ಲ.

ಮೊದಲ ತೀರ್ಮಾನ: ಕತ್ತರಿ ಯಾರ ಕೈಯಲ್ಲಿ

ಕ್ಲಬ್ ಕಡೆಯ ಕರಡಿನಲ್ಲಿ ಒಂದು ಸಾಲಿತ್ತು: ಕ್ಲಬ್ ಒಪ್ಪಿದ ಮೇಲೆಯೇ ಚಿತ್ರ ಹೊರಗೆ ಬರಬೇಕು. ಇದಕ್ಕೆ ಸಹಿ ಹಾಕಿದ್ದರೆ ಕೊನೆಗೆ ಬರುತ್ತಿದ್ದದ್ದು ಜಾಹೀರಾತು, ಅಷ್ಟೇ. ಪೂರ್ತಿ ಆಗುವುದಿಲ್ಲ ಅಂದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲ. ನಿರ್ದೇಶಕಿ ವಕೀಲರೊಬ್ಬರನ್ನು ಕೂರಿಸಿಕೊಂಡು ಬೇರೆ ಪಟ್ಟಿ ಬರೆಸಿದರು. ರಫ್ ಕಟ್ ಅನ್ನು, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆಯನ್ನು, ಕ್ಲಬ್ಬಿಗೆ ತೋರಿಸುತ್ತೇವೆ. ವಿಷಯದಲ್ಲಿ ತಪ್ಪಿದ್ದರೆ, ಆಟಗಾರನ ಗಾಯ ಅಥವಾ ಕಾಯಿಲೆಯ ವಿವರ ಇದ್ದರೆ, ಹದಿನೆಂಟು ತುಂಬದ ಹುಡುಗ ಇದ್ದರೆ, ಮುಂದಿನ ಪಂದ್ಯಕ್ಕೆ ತೊಂದರೆ ಆಗುವ ಆಟದ ಲೆಕ್ಕಾಚಾರ ಇದ್ದರೆ ಹೇಳಿ, ತೆಗೆಯುತ್ತೇವೆ. ಮಿಕ್ಕಿದ್ದೆಲ್ಲ ನಮ್ಮ ತೀರ್ಮಾನ. ಸೆಕ್ರೆಟರಿ ಕೆಲವು ದಿನ ಎಳೆದಾಡಿ ಸಹಿ ಹಾಕಿದರು.

ಆಟಗಾರರ ರಿಲೀಸ್ ಫಾರ್ಮ್, ಅಂದರೆ ಚಿತ್ರದಲ್ಲಿ ಬಳಸಲು ಕೊಡುವ ಒಪ್ಪಿಗೆ ಪತ್ರ, ಅದರ ಕಥೆ ಬೇರೆ. ಅಭ್ಯಾಸದ ಮೊದಲ ದಿನ ಸ್ಕೂಟರ್ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಎಲ್ಲರೂ ಸಾಲಾಗಿ ಸಹಿ ಹಾಕಿಬಿಟ್ಟರು. ಇಂಗ್ಲಿಷ್‌ನಲ್ಲಿದ್ದ ಎರಡು ಪುಟ. ಯಾರೂ ಓದಲಿಲ್ಲ. ಸೌಂಡ್ ಹುಡುಗ ಇದನ್ನು ಗಮನಿಸಿ ಹೇಳಿದ ಮೇಲೆ ಮಾರನೇ ವಾರ ಎಲ್ಲರನ್ನೂ ಕೂರಿಸಿ ಕನ್ನಡದಲ್ಲಿ, ತಮಿಳಿನಲ್ಲಿ ಜೋರಾಗಿ ಓದಿ ಹೇಳಿದರು. ಹುಡುಗರು ತಲೆ ಆಡಿಸಿದರು. ಆಗ ಅದೇ ಸಾಕು ಅನ್ನಿಸಿತ್ತು.

ಸಮಸ್ಯೆ

ಶುರುವಿನಲ್ಲಿ ಎಲ್ಲರೂ ಕ್ಯಾಮೆರಾ ನೋಡಿ ನೆಟ್ಟಗೆ ಕೂರುತ್ತಿದ್ದರು. ಯಾವಾಗಲೂ ಕನ್ನಡ, ತಮಿಳು ಬೆರೆಸಿ ಮಾತಾಡುವ ಕೋಚ್ ಇದ್ದಕ್ಕಿದ್ದಂತೆ ಇಂಗ್ಲಿಷ್ ಶುರು ಮಾಡಿದ್ದರು. ಆ ಫೂಟೇಜ್‌ನಲ್ಲಿ ಒಂದು ನಿಮಿಷವೂ ಕೆಲಸಕ್ಕೆ ಬರಲಿಲ್ಲ. ಹಾಗಾಗಿ ತಂಡ ಶೂಟಿಂಗ್ ಕಡಿಮೆ ಮಾಡಿತು. ಬೆಳಗ್ಗೆ ಹೋಗಿ ಚೆಂಡು ಹೊರುವುದು, ಕೋನ್ ಜೋಡಿಸುವುದು, ಅಭ್ಯಾಸ ಮುಗಿದ ಮೇಲೆ ಹುಡುಗರ ಜೊತೆ ಟೀ ಕುಡಿಯುವುದು. ಕ್ಯಾಮೆರಾ ಇರುತ್ತಿತ್ತು, ಆದರೆ ಸುಮ್ನೆ ಇರುತ್ತಿತ್ತು. ನಿಧಾನಕ್ಕೆ ಎಲ್ಲರೂ ಅದನ್ನು ಮರೆತರು. ಆಮೇಲೆ ಬಂದ ಫೂಟೇಜ್ ಚಿನ್ನ.

ತೊಂದರೆ ಇರುವುದೂ ಇಲ್ಲೇ. ಕ್ಯಾಮೆರಾ ಇದೆ ಅನ್ನೋದನ್ನು ಜನ ಮರೆತರೆ ಮಾತ್ರ ಇಂಥ ಚಿತ್ರ ಚೆನ್ನಾಗಿ ಬರುತ್ತದೆ. ಆದರೆ ಮರೆತವನು ಆಡಿದ ಮಾತಿಗೆ, ಅವನು ನೆನಪಿದ್ದಾಗ ಹಾಕಿದ ಸಹಿ ಎಷ್ಟರ ಮಟ್ಟಿಗೆ ಒಪ್ಪಿಗೆ? ಸೀಸನ್ ಶುರುವಿನಲ್ಲಿ ಸಹಿ ಹಾಕುವಾಗ ಯಾವ ಆಟಗಾರನಿಗೂ ತನ್ನ ಜೀವನದ ಅತಿ ಕೆಟ್ಟ ಮಧ್ಯಾಹ್ನ ಯಾವುದು ಅಂತ ಗೊತ್ತಿರುವುದಿಲ್ಲ.

ಇದು ನಮ್ಮೊಬ್ಬರ ತಾಪತ್ರಯ ಅಲ್ಲ. ಲಂಡನ್ನಿನ ಲೇಟನ್ ಓರಿಯೆಂಟ್ ಕ್ಲಬ್ಬಿನ ಬಗ್ಗೆ 1995ರಲ್ಲಿ ಚಾನೆಲ್ ಫೋರ್‌ನಲ್ಲಿ ಒಂದು ಚಿತ್ರ ಬಂದಿತ್ತು. ಅದರಲ್ಲಿ ಮ್ಯಾನೇಜರ್ ಜಾನ್ ಸಿಟ್ಟನ್ ಹಾಫ್ ಟೈಮ್‌ನಲ್ಲೇ ಒಬ್ಬ ಹಳೆಯ ಆಟಗಾರನನ್ನು ಕೆಲಸದಿಂದ ತೆಗೆಯುತ್ತಾರೆ, ಇನ್ನಿಬ್ಬರನ್ನು ಹೊಡೆದಾಟಕ್ಕೆ ಕರೆಯುತ್ತಾರೆ. ಕ್ಲಬ್ ಆಗ ದಿವಾಳಿಯ ಅಂಚಿನಲ್ಲಿತ್ತು, ತಂಡ ಸೋಲುತ್ತಲೇ ಇತ್ತು. ಆ ಒತ್ತಡ ಯಾರಿಗೂ ನೆನಪಿಲ್ಲ, ಆ ಕೂಗಾಟ ಮಾತ್ರ ಇವತ್ತಿಗೂ ಜನ ಹಂಚಿಕೊಳ್ಳುತ್ತಾರೆ. ಸಿಟ್ಟನ್ ಮುಂದೆ ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸಿದರು. ನಿರ್ದೇಶಕಿ ಈ ಉದಾಹರಣೆಯನ್ನು ನಮ್ಮ ಕೋಚ್‌ಗೂ ಹೇಳಿದ್ದರು. ಅವರು ನಕ್ಕು, "ನಾನು ಅಷ್ಟೊಂದು ಕೂಗಲ್ಲ ಮೇಡಂ" ಅಂದಿದ್ದರು.

ಗೋಲಿಯ ಮಧ್ಯಾಹ್ನ

ಸೀಸನ್ನಿನ ನಡುವೆ ಒಂದು ಪಂದ್ಯ. ಗೋಲ್ ಕೀಪರ್ ಹತ್ತೊಂಬತ್ತರ ಹುಡುಗ, ಮೊಬೈಲ್ ಅಂಗಡಿಯಲ್ಲಿ ಕೆಲಸ. ಅವನ ಅಪ್ಪ ಒಂದು ಕಾಲಕ್ಕೆ ಇದೇ ಲೀಗಿನಲ್ಲಿ ಹೆಸರು ಮಾಡಿದವರು, ಈಗಿಲ್ಲ. ಹಾಫ್ ಟೈಮಿಗೆ ಸ್ವಲ್ಪ ಮುಂಚೆ ಪಕ್ಕದಿಂದ ಬಂದ ಒಂದು ಸಾಧಾರಣ ಕ್ರಾಸ್ ಅವನ ಕೈಯಿಂದ ಜಾರಿ ಬಲೆ ಸೇರಿತು. ಒಳಗೆ ಹೋದ ಮೇಲೆ ಕೋಚ್ ಅವನ ಮೇಲೆ ಎಗರಿಬಿದ್ದರು. ಅಪ್ಪನ ಹೆಸರು ತೆಗೆದು, ಹೇಳಬಾರದ ಒಂದು ಮಾತು ಹೇಳಿದರು. ಹುಡುಗ ಗ್ಲೌಸ್ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾ ನೆಲ ನೋಡುತ್ತಿದ್ದ. ಕ್ಯಾಮೆರಾ ಅವನಿಂದ ನಾಲ್ಕಡಿ ದೂರ.

ಇಡೀ ಸೀಸನ್ನಿನಲ್ಲಿ ಇಷ್ಟು ಗಟ್ಟಿಯಾದ ದೃಶ್ಯ ಇನ್ನೊಂದಿಲ್ಲ. ಎಡಿಟಿಂಗ್ ರೂಮಿಗೆ ಬಂದವರೆಲ್ಲ ಅದನ್ನೇ ಇನ್ನೊಮ್ಮೆ ಹಾಕಿ ಅನ್ನುತ್ತಿದ್ದರು. ಟ್ರೇಲರ್ ಇಲ್ಲೇ ಇದೆ ಅಂತ ಒಬ್ಬರು ಹೇಳಿಯೂ ಆಯಿತು. ಕಾಗದದ ಪ್ರಕಾರ ಅದನ್ನು ಬಳಸಲು ಯಾವ ಅಡ್ಡಿಯೂ ಇರಲಿಲ್ಲ. ಹುಡುಗನ ಸಹಿ ಇತ್ತು, ಕೋಚ್ ಸಹಿಯೂ ಇತ್ತು.

ಪಾರ್ಕಿಂಗ್‌ನಲ್ಲಿ ಬಂದ ಫೋನು

ಕೆಲವು ವಾರ ಆದ ಮೇಲೆ, ಇನ್ನೊಂದು ಸೋಲಿನ ನಂತರ, ಕೋಚ್ ಟ್ರ್ಯಾಕ್‌ಸೂಟ್ ಒಳಗೆ ಲೇಪಲ್ ಮೈಕ್ (ಬಟ್ಟೆಗೆ ಸಿಕ್ಕಿಸುವ ಪುಟ್ಟ ಮೈಕ್) ಇದ್ದಂತೆಯೇ ಗಾಡಿ ತೆಗೆಯಲು ಹೊರಗೆ ಹೋದರು. ಆಗ ಫೋನ್ ಬಂತು. ಆ ಕಡೆಯಿಂದ ಕ್ಲಬ್ಬಿನವರು. ಸ್ಪೀಕರ್ ಹಾಕಿಕೊಂಡು ಮಾತಾಡಿದ್ದರಿಂದ ಎರಡೂ ಕಡೆಯ ಮಾತು ದಾಖಲಾಯಿತು. ತಿಂಗಳ ಕೊನೆಗೆ ನೀವು ಬೇಡ ಅಂತ ಅವರಿಗೆ ಹೇಳಿದ್ದು ಆ ಫೋನಿನಲ್ಲಿ. ಸೌಂಡ್ ಹುಡುಗನಿಗೆ ವಿಷಯ ಅರ್ಥವಾದ ತಕ್ಷಣ ರೆಕಾರ್ಡಿಂಗ್ ನಿಲ್ಲಿಸಿದ. ಅಷ್ಟರಲ್ಲಿ ಮುಖ್ಯವಾದದ್ದು ಬಂದಾಗಿತ್ತು.

ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬಿನ ಸರಣಿ ನೋಡಿದವರಿಗೆ ನೆನಪಿರಬಹುದು: 2019ರ ನವೆಂಬರ್‌ನಲ್ಲಿ ಕೋಚ್ ಪೊಚೆಟಿನೊ ಅವರನ್ನು ತೆಗೆದು ಮೊರಿನ್ಯೊ ಅವರನ್ನು ತಂದಾಗ ಕ್ಯಾಮೆರಾ ಕ್ಲಬ್ಬಿನ ಒಳಗೇ ಇತ್ತು. ಕೋಚ್ ಬದಲಾವಣೆ ಅಂದರೆ ಇಂಥ ಚಿತ್ರಕ್ಕೆ ಕಥೆಯೇ ತಿರುಗುವ ಜಾಗ. ನಮ್ಮ ತಂಡದಲ್ಲೂ ಇಬ್ಬರು, ಇದನ್ನು ಬಿಟ್ಟರೆ ಚಿತ್ರ ಎಲ್ಲಿದೆ ಅಂತ ವಾದ ಮಾಡಿದರು. ನಿರ್ದೇಶಕಿ ಎರಡು ಕೆಲಸ ಮಾಡಿದರು. ಆ ಫೈಲನ್ನು ಬೇರೆ ಡ್ರೈವ್‌ಗೆ ಹಾಕಿ, ಅದರ ಮಾತು ಬರೆದಿಡುವುದೂ ಬೇಡ ಅಂದರು, ಯಾಕೆಂದರೆ ಫೋನಿನ ಆ ಕಡೆ ಇದ್ದವರಿಗೆ ಮೈಕ್ ಇರುವುದೇ ಗೊತ್ತಿರಲಿಲ್ಲ. ಆಮೇಲೆ ಅದೇ ಸಂಜೆ ಕೋಚ್ ಮನೆಗೆ ಹೋಗಿ ವಿಷಯ ತಿಳಿಸಿದರು.

"ಪೂರ್ತಿ ಕೇಳಿಸ್ತಾ?" ಅಂತ ಕೇಳಿದರಂತೆ ಕೋಚ್. ಹೌದು ಅಂದಾಗ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹುಡುಗ್ರಿಗೆ ನಾನೇ ಹೇಳ್ತೀನಿ. ಅಲ್ಲೀವರೆಗೂ ಯಾರಿಗೂ ಹೇಳ್ಬೇಡಿ ಮೇಡಂ" ಅಂದರು.

ಆ ವಾರ ತಂಡಕ್ಕೆ ಕಷ್ಟದ ವಾರ. ಹುಡುಗರಿಗೆ ಗೊತ್ತಿಲ್ಲದ ವಿಷಯ ತಮಗೆ ಗೊತ್ತಿಟ್ಟುಕೊಂಡು, ಅವರ ಜೊತೆ ಟೀ ಕುಡಿಯುತ್ತಾ, ಮುಂದಿನ ತಿಂಗಳ ಮಾತು ಕೇಳಿಸಿಕೊಳ್ಳಬೇಕಿತ್ತು. ಆದರೆ ಬಾಯಿ ಬಿಡಲಿಲ್ಲ. ವಾರದ ಕೊನೆಗೆ ಕೋಚ್ ಎಲ್ಲರನ್ನೂ ಮೈದಾನದಲ್ಲಿ ಸುತ್ತ ಕೂರಿಸಿ ತಾವೇ ಹೇಳಿದರು. ಹೇಳುವ ಮುಂಚೆ ನಿರ್ದೇಶಕಿಯ ಕಡೆ ತಿರುಗಿ, ಶೂಟ್ ಮಾಡ್ಕೊಳ್ಳಿ ಅಂತ ಸನ್ನೆ ಮಾಡಿದರು. ಫೋನಿನ ಆಡಿಯೊಗಿಂತ ಈ ದೃಶ್ಯ ಎಷ್ಟೋ ಪಾಲು ಮೇಲು. ಅಲ್ಲಿ ಬರೀ ಸುದ್ದಿ ಇತ್ತು, ಇಲ್ಲಿ ಸುದ್ದಿ ಹೇಳುವವನೂ ಕೇಳುವವರೂ ಇದ್ದರು.

ಬಾಗಿಲು ಮುಚ್ಚಿತು

ಹೊಸ ಕೋಚ್ ಬಂದ ಮೊದಲ ದಿನವೇ ಡ್ರೆಸ್ಸಿಂಗ್ ರೂಮಿಗೆ ಕ್ಯಾಮೆರಾ ಬೇಡ ಅಂದರು. ಒಪ್ಪಂದ ತೋರಿಸಿ ಹಟ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಕ್ಲಬ್ಬಿನ ಸರಣಿಯ ಬಗ್ಗೆ ನಮ್ಮಲ್ಲಿ ಜಾಸ್ತಿ ಮಾತು ನಡೆದದ್ದು ಆಗಲೇ. ಅಲ್ಲಿನ ಅತಿ ಮೇಲಿನ ಹಂತವಾದ ಪ್ರೀಮಿಯರ್ ಲೀಗಿನಿಂದ ಕೆಳಗಿಳಿದ ಕ್ಲಬ್ 2017-18ರಲ್ಲಿ ಮತ್ತೆ ಮೇಲೆ ಹೋಗುತ್ತೆ ಅನ್ನೋ ನಿರೀಕ್ಷೆಯಲ್ಲಿದ್ದಾಗ ಶೂಟಿಂಗ್ ನಡೆದದ್ದು, ಆದರೆ ಕ್ಲಬ್ ಇನ್ನೊಂದು ಹಂತ ಕೆಳಕ್ಕೆ ಬಿತ್ತು. ಆ ಸರಣಿಯಲ್ಲಿ ಮನಸ್ಸಿಗೆ ತಟ್ಟುವವರು ಸ್ಟಾರ್ ಆಟಗಾರರಲ್ಲ. ಟ್ಯಾಕ್ಸಿ ಓಡಿಸುವ ಅಭಿಮಾನಿ, ಆಟಗಾರರಿಗೆ ಅಡುಗೆ ಮಾಡಿ ಹಾಕುವ ಹೆಂಗಸು, ಕಚೇರಿಯಲ್ಲಿ ಕೆಲಸ ಹೋದೀತು ಅಂತ ಹೆದರುವವರು.

ನಮ್ಮಲ್ಲಿ ಅಂಥವರು ಅಂದರೆ ಕಿಟ್ ನೋಡಿಕೊಳ್ಳುವ ಹಿರಿಯರು. ಎಲ್ಲರೂ ಅವರನ್ನು ಮಾಮ ಅಂತಲೇ ಕರೆಯುವುದು. ಅರವತ್ತು ದಾಟಿದೆ, ಹಿಂದೆ ಕಾರ್ಖಾನೆ ತಂಡಕ್ಕೆ ಆಡಿದವರು. ಬಾಗಿಲು ಮುಚ್ಚಿದ ಮೇಲೆ ಕ್ಯಾಮೆರಾ ಅವರ ಪಕ್ಕ ಕೂತಿತು. ಆಗ ಅವರದ್ದು ಹಳೆಯ ಫೂಟೇಜ್ ಏನಿದೆ ಅಂತ ನಾನು ಹುಡುಕುತ್ತಾ ಹೋದಾಗ ಒಂದು ತುಣುಕು ಸಿಕ್ಕಿತು. ಗೋಲಿಗೆ ಬೈದ ದಿನವೇ ಎರಡನೇ ಕ್ಯಾಮೆರಾ ಹೊರಗೆ ಕಾರಿಡಾರಿನಲ್ಲಿತ್ತು, ಸುಮ್ನೆ ಓಡುತ್ತಿತ್ತು.

ಆ ತುಣುಕಿನಲ್ಲಿ ಮಾಮ ಒಂದು ಬಕೆಟ್ ಮುಂದಿಟ್ಟುಕೊಂಡು ಒದ್ದೆ ಸಾಕ್ಸ್‌ಗಳನ್ನು ಒಂದೊಂದಾಗಿ ಒಳಮಗ್ಗಲು ತಿರುಗಿಸುತ್ತಿದ್ದಾರೆ. ಬಾಗಿಲ ಹಿಂದಿನಿಂದ ಕೋಚ್ ಕೂಗು. ಮಾತು ಸ್ಪಷ್ಟ ಇಲ್ಲ, ಸಿಟ್ಟು ಮಾತ್ರ ಸ್ಪಷ್ಟ. ಒಂದೊಂದು ಕೂಗಿಗೂ ಅವರ ಕೈ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ. ಒಂದು ಕಡೆ ಕೂಗು ತೀರಾ ಏರಿದಾಗ ಅವರು ಸಾಕ್ಸ್ ಕೈಯಲ್ಲೇ ಹಿಡಿದು ಬಾಗಿಲನ್ನು ನೋಡಿ, "ಸಾಕು ಬಿಡಪ್ಪಾ" ಅನ್ನುತ್ತಾರೆ, ತಮಗೆ ತಾವೇ. ಗೋಲಿಯ ಅಪ್ಪನ ಜೊತೆ ಆಡಿದವರು ಅವರು.

ಕೇಳಿ ನೋಡಿದ್ದು

ರಫ್ ಕಟ್ ಕ್ಲಬ್ಬಿಗೆ ಹೋಗುವ ಮುಂಚೆ ನಿರ್ದೇಶಕಿ ಒಪ್ಪಂದದಲ್ಲಿಲ್ಲದ ಒಂದು ಕೆಲಸಕ್ಕೆ ಕೈ ಹಾಕಿದರು. ಮನಸ್ಸಿಗೆ ನೋವಾಗಬಹುದಾದ ದೃಶ್ಯ ಯಾರದ್ದೆಲ್ಲ ಇದೆಯೋ ಅವರನ್ನು ಒಬ್ಬೊಬ್ಬರನ್ನಾಗಿ ಕರೆದು, ಅವರದ್ದನ್ನು ಅವರಿಗೆ ಮಾತ್ರ ತೋರಿಸಿದರು. ನಿರ್ಮಾಪಕರಿಗೆ ಇದು ಇಷ್ಟವಿರಲಿಲ್ಲ. ಕೇಳಿದರೆ ಎಲ್ಲರೂ ಬೇಡ ಅಂತಾರೆ ಅನ್ನೋದು ಅವರ ಭಯ. ನಿಜಕ್ಕೂ ಹಾಗಾಗಲಿಲ್ಲ. ಹೆಚ್ಚಿನವರು ಸೋತ ದೃಶ್ಯ, ಅತ್ತ ದೃಶ್ಯ ಎಲ್ಲ ಇರಲಿ ಅಂದರು. ಬೇಡ ಅಂದದ್ದು ಚಿಕ್ಕ ಚಿಕ್ಕ ವಿಷಯಕ್ಕೆ: ಒಬ್ಬನಿಗೆ ಸಾಲದ ಮಾತು, ಇನ್ನೊಬ್ಬನಿಗೆ ಆಫೀಸಿಗೆ ಸುಳ್ಳು ಹೇಳಿ ಪಂದ್ಯಕ್ಕೆ ಬಂದದ್ದು.

ಗೋಲಿ ತನ್ನ ದೃಶ್ಯವನ್ನು ಎರಡು ಸಲ ನೋಡಿದ. "ಗೋಲ್ ಬಿಟ್ಟಿದ್ದು ಇರ್ಲಿ ಅಕ್ಕ, ಬೈದಿದ್ದೂ ಇರ್ಲಿ. ಅಪ್ಪನ ವಿಷ್ಯ ಬೇಡ. ಅಮ್ಮ ನೋಡ್ತಾರೆ" ಅಂದ. ಹಳೆಯ ಕೋಚ್ ಮಾತ್ರ ಪೂರ್ತಿ ತೆಗೆಯಿರಿ ಅಂತ ಪಟ್ಟು ಹಿಡಿದರು, ರೌಡಿ ಥರ ಕಾಣ್ತಿದೀನಿ ಅಂತ ಸಿಟ್ಟು ಮಾಡಿಕೊಂಡರು. ಅಪ್ಪನ ಮಾತಷ್ಟೇ ಕತ್ತರಿಸಿ ನೋಡಿದೆವು. ದೃಶ್ಯ ಕುಂಟಿತು. ಜೊತೆಗೆ ಹುಡುಗನ ಮುಖದಲ್ಲಿ ಇದ್ದ ನೋವಿಗೆ ಕಾರಣವೇ ಇಲ್ಲದ ಹಾಗಾಯಿತು, ಅದೂ ಒಂಥರಾ ಸುಳ್ಳೇ.

ಕೊನೆಗೆ ಒಳಗಿನ ದೃಶ್ಯ ಇಡಿಯಾಗಿ ಹೋಯಿತು, ಮಾಮನ ಕಾರಿಡಾರ್ ಬಂತು. ಗೋಲ್ ಬಿಟ್ಟದ್ದು, ಆಮೇಲೆ ಸಾಕ್ಸ್ ಬಕೆಟ್, ಬಾಗಿಲ ಹಿಂದಿನ ಕೂಗು, ಆಮೇಲೆ ಹುಡುಗ ಮತ್ತೆ ಗ್ಲೌಸ್ ಹಾಕಿಕೊಂಡು ಮೈದಾನಕ್ಕೆ ಇಳಿಯುವುದು. ಕೋಚ್ ಅದನ್ನು ನೋಡಿ ಏನೂ ಹೇಳಲಿಲ್ಲ, ಬೇಡ ಅನ್ನಲೂ ಇಲ್ಲ. ನನ್ನ ಅಭಿಪ್ರಾಯದಲ್ಲಿ ಚಿತ್ರದ ಅತ್ಯುತ್ತಮ ಎರಡು ನಿಮಿಷ ಅದು. ಒಳಗಿನ ದೃಶ್ಯವನ್ನು ಸುಲಭವಾಗಿ ಬಳಸಲು ಸಿಕ್ಕಿದ್ದರೆ ಕಾರಿಡಾರಿನ ತುಣುಕು ಡ್ರೈವ್‌ನಲ್ಲೇ ಉಳಿಯುತ್ತಿತ್ತು.

ಸೆಕ್ರೆಟರಿಯವರ ಪಟ್ಟಿ ಉದ್ದ ಇತ್ತು. ಕೋಚ್ ತೆಗೆದ ಭಾಗವನ್ನೇ ಕೈಬಿಡಿ ಅಂದರು. ಸ್ಪಾನ್ಸರ್ ಜೊತೆ ಮಾತು ನಡೀತಿದೆ, ಹಾಳಾಗುತ್ತೆ ಅಂತ. ಇಲ್ಲಿ ಮೊದಲ ದಿನದ ಒಪ್ಪಂದ ಕಾಪಾಡಿತು. ಅವರ ಪಟ್ಟಿಯಲ್ಲಿ ನಿಜವಾಗಿ ತಪ್ಪಿದ್ದ ಎರಡು ವಿಷಯ ತಿದ್ದಿದೆವು, ಒಬ್ಬನ ಮಂಡಿಯ ಗಾಯದ ವಿವರ ತೆಗೆದೆವು. ಕೋಚ್ ವಿದಾಯ ಉಳಿಯಿತು. ಫೋನಿನ ಆಡಿಯೊ ಬಳಸದೇ ಇದ್ದದ್ದರಿಂದ ಕ್ಲಬ್ಬಿಗೆ ಬೇರೆ ತಕರಾರಿಗೆ ಜಾಗವೂ ಇರಲಿಲ್ಲ.

ಏನಾಯಿತು

ಕ್ಲಬ್ ಕೆಳಗಿನ ಡಿವಿಷನ್‌ಗೆ ಇಳಿಯದೆ ಸೂಪರ್ ಡಿವಿಷನ್‌ನಲ್ಲೇ ಉಳಿಯಿತು. ಉಳಿದದ್ದು ಇನ್ನೊಂದು ತಂಡ ಸೋತದ್ದರಿಂದ, ಇವರ ಪಂದ್ಯವೇ ಇಲ್ಲದ ದಿನ. ಹುಡುಗರೆಲ್ಲ ತಂತಮ್ಮ ಕೆಲಸದಲ್ಲಿದ್ದರು, ಸುದ್ದಿ ವಾಟ್ಸ್ಯಾಪ್‌ನಲ್ಲಿ ಬಂತು. ಸಂಭ್ರಮದ ಶಾಟ್ ಒಂದೂ ಇಲ್ಲ. ಮಾಮನ ಫೋನಿನಲ್ಲಿ ಒಂದರ ಹಿಂದೆ ಒಂದು ಬರುತ್ತಿದ್ದ ವಾಯ್ಸ್ ಮೆಸೇಜ್‌ಗಳನ್ನೇ ಚಿತ್ರದ ಕೊನೆಯಲ್ಲಿ ಬಳಸಿದೆವು, ಪ್ರತಿಯೊಬ್ಬನ ಒಪ್ಪಿಗೆ ಕೇಳಿಯೇ.

ಚಿತ್ರಕ್ಕೆ ಬೆಲೆ ತೆರಬೇಕಾಯಿತು ಅನ್ನೋದನ್ನೂ ಹೇಳಲೇಬೇಕು. ಕೊಳ್ಳಲು ಬಂದ ಒಂದು ಕಡೆಯವರು ಡ್ರೆಸ್ಸಿಂಗ್ ರೂಮಿನ ಜಗಳ ಇದ್ದರೆ ಮಾತಾಡೋಣ ಅಂದರು. ಇಲ್ಲ ಅಂದ ಮೇಲೆ ಮಾತು ಅಲ್ಲಿಗೇ ನಿಂತಿತು. ಕೊನೆಗೆ ಅದಕ್ಕಿಂತ ಕಡಿಮೆ ದುಡ್ಡಿಗೆ ಬೇರೆಯವರಿಗೆ ಹೋಯಿತು. ನಿರ್ಮಾಪಕರು ಆ ನಷ್ಟವನ್ನು ಇನ್ನೂ ಮರೆತಿಲ್ಲ, ಅವರ ಬೇಸರ ನ್ಯಾಯವಾದದ್ದೇ. ಸಾಲ ತೀರಿಸಬೇಕಾದವರು ಅವರು. ಇಂಥ ಕೆಲಸಕ್ಕೆ ಇಳಿಯುವವರು ಈ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಇಟ್ಟುಕೊಂಡು ಹೊರಡುವುದು ಒಳ್ಳೆಯದು. ಎಡಿಟಿಂಗಿಗೆ ಹೆಚ್ಚುವರಿ ವಾರಗಳು ಬೇಕು, ದೃಶ್ಯ ತೋರಿಸುವುದಕ್ಕೆ ಸಮಯ ಬೇಕು, ಎರಡನೇ ಕ್ಯಾಮೆರಾ ಬೇಕು. ನಮಗೆ ದಾರಿ ಸಿಕ್ಕಿದ್ದೇ ಆ ಎರಡನೇ ಕ್ಯಾಮೆರಾದಿಂದ.

ಅದೇ ನಿರ್ದೇಶಕಿ ಈಗ ಬಿ ಡಿವಿಷನ್‌ನ ಇನ್ನೊಂದು ತಂಡದ ಜೊತೆ ಮಾತುಕತೆಯಲ್ಲಿದ್ದಾರೆ. ಈ ಸಲ ರಿಲೀಸ್ ಫಾರ್ಮ್ ಎರಡು ಹಂತದಲ್ಲಿದೆ. ಶೂಟ್ ಮಾಡಲು ಒಂದು ಸಹಿ, ದೃಶ್ಯ ನೋಡಿದ ಮೇಲೆ ಬಳಸಲು ಇನ್ನೊಂದು. ಕನ್ನಡದಲ್ಲೇ ಬರೆದಿದ್ದಾರೆ. ಮೈಕ್ ಬಿಚ್ಚದೆ ಯಾರೂ ಮೈದಾನದ ಗೇಟ್ ದಾಟಬಾರದು ಅಂತ ಸೌಂಡ್ ಹುಡುಗನಿಗೆ ಜವಾಬ್ದಾರಿ ಬರೆದುಕೊಟ್ಟಿದ್ದಾರೆ. ಕೊನೆಯ ಪುಟದ ಒಂದು ಸಾಲು ಗೋಲಿಯಿಂದ ಬಂದದ್ದು. ಸೀಸನ್ ಮುಗಿದ ಮೇಲೆ ಬೇರೆ ಕ್ಲಬ್ಬಿನ ಟ್ರಯಲ್ಸ್‌ಗೆ ಕಳಿಸಬೇಕು, ನಾನು ಹಿಡಿದ ಚೆಂಡುಗಳ ಕ್ಲಿಪ್ ಇದ್ದರೆ ಕೊಡ್ತೀರಾ ಅಕ್ಕ ಅಂತ ಅವನು ಫೋನ್ ಮಾಡಿದ್ದ. ನಾನೇ ಕೂತು ಕತ್ತರಿಸಿಕೊಟ್ಟೆ. ಈಗ ಪ್ರತಿ ಆಟಗಾರನಿಗೂ ಅವನ ಆಟದ ತುಣುಕುಗಳನ್ನು ಕೊಡಬೇಕು ಅಂತ ಫಾರ್ಮಿನಲ್ಲೇ ಬರೆದಿದೆ.